ಎಕ್ಕದಲ್ಲಿ ಎರಡು ಜಾತಿ: ಬಣ್ಣ ಬಿಡಿ, ಎಸಳು ನೋಡಿ

ಗಂಗಾವತಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ಎಕ್ಕದ ಗಿಡ ಇದೆ. ಆರು ವರ್ಷದ ಹಿಂದೆ 150 ರೂಪಾಯಿ ಕೊಟ್ಟು ತಂದದ್ದು. ರಸ್ತೆ ಬದಿಯಲ್ಲಿ ಪುಕ್ಕಟೆ ಬೆಳೆಯುವ ಗಿಡಕ್ಕೆ ದುಡ್ಡು ಯಾಕೆ ಅಂತೀರಾ? ಅದು ಬಿಳಿ ಎಕ್ಕ ಅಂತ ಹೇಳಿ ಮಾರಿದ್ದರು. ಗಣಪತಿಗೆ ಬಿಳಿ ಎಕ್ಕದ ಹೂ ಏರಿಸಬೇಕು ಅನ್ನುವುದು ಅವ್ವನ ಬಹಳ ದಿನದ ಆಸೆ. ಮುಂದಿನ ವರ್ಷ ಗಿಡ ಹೂ ಬಿಟ್ಟಿತು. ಎಸಳು ಬಿಳಿ ಇತ್ತು, ಆದರೆ ಐದೂ ಎಸಳಿನ ತುದಿಗೆ ಗಾಢ ನೇರಳೆ ಬಣ್ಣ. ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ.

ಅವ್ವ ಒಂದು ಹೂ ಕಿತ್ತು, ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದಳು. "ಇದು ನಮ್ಮ ಎಕ್ಕಿ ಅಲ್ಲವ್ವ. ಇದರ ಎಸಳು ಬಿಚ್ಚಂಗಿಲ್ಲ, ಹಂಗ ನಿಂತಾವ" ಅಂದಳು.

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೂವತ್ತು ವರ್ಷದಿಂದ ಪ್ರತಿ ಶನಿವಾರ ಆಂಜನೇಯನಿಗೆ ಎಕ್ಕದ ಹೂವಿನ ಹಾರ ಕಟ್ಟಿದ ಕೈ ಅದು. ನಾನು ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿ, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎರಡು ಎಕ್ಕಗಳನ್ನು ಬೇರೆ ಮಾಡಲು ಸಸ್ಯಶಾಸ್ತ್ರದ ಪುಸ್ತಕಗಳು ಮೊದಲು ಹೇಳುವ ಗುರುತೂ ಅದೇ: ಎಸಳು ಬಿಚ್ಚಿದೆಯೋ, ನಿಂತಿದೆಯೋ. ಅವ್ವ ಕೈಯಿಂದ ಕಲಿತದ್ದನ್ನೂ ನಾನು ಪುಸ್ತಕದಿಂದ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಒಮ್ಮೆ ಗೊತ್ತಾದರೆ ಬಸ್ಸಿನ ಕಿಟಕಿಯಿಂದಲೇ ಇದು ಯಾವ ಎಕ್ಕ ಅಂತ ಹೇಳಬಹುದು.

ಮೊದಲು ಹೆಸರು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ದೊಡ್ಡ ಎಕ್ಕಕ್ಕೆ ಕ್ಯಾಲೊಟ್ರೋಪಿಸ್ ಜೈಗಾಂಟಿಯಾ ಅನ್ನುತ್ತಾರೆ. ಇನ್ನೊಂದು ಕ್ಯಾಲೊಟ್ರೋಪಿಸ್ ಪ್ರೊಸೆರಾ. ಅದನ್ನು ಇಲ್ಲಿ ಸಣ್ಣ ಎಕ್ಕ ಅಂತ ಕರೆಯುತ್ತೇನೆ, ಯಾಕಂದ್ರೆ ಅದರ ಹೂ ಸಣ್ಣದು. ಲ್ಯಾಟಿನ್‌ನಲ್ಲಿ ಪ್ರೊಸೆರಾ ಅಂದರೆ ಎತ್ತರದ್ದು ಅಂತ ಅರ್ಥ. ಆ ಅರ್ಥ ಹಿಡಿದು ಗಿಡ ಹುಡುಕಿದರೆ ದಾರಿ ತಪ್ಪುತ್ತೀರಿ. ದೊಡ್ಡ ಎಕ್ಕಕ್ಕೆ 1753ರಲ್ಲಿ ಲಿನೇಯಸ್ ಮೊದಲು ಕೊಟ್ಟ ಹೆಸರು ಆಸ್ಕ್ಲೆಪಿಯಾಸ್ ಜೈಗಾಂಟಿಯಾ. ಕ್ಯಾಲೊಟ್ರೋಪಿಸ್ ಅನ್ನುವ ಕುಲದ ಹೆಸರು ಆಮೇಲೆ ಬಂತು. ಗ್ರೀಕ್‌ನಲ್ಲಿ ಅದರ ಅರ್ಥ "ಚೆಂದದ ದೋಣಿಯ ತಳ". ಹೂವಿನ ನಡುವೆ ನಿಂತ ಕಿರೀಟವನ್ನು ಒಮ್ಮೆ ಪಕ್ಕದಿಂದ ನೋಡಿ, ಆ ಹೆಸರು ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಗೊಂದಲ ಎಲ್ಲ ಶುರುವಾಗುವುದು "ಬಿಳಿ ಎಕ್ಕ" ಅನ್ನುವ ಮಾತಿನಿಂದ. ಜನ ಎರಡು ಬೇರೆ ಬೇರೆ ಗಿಡಕ್ಕೆ ಅದೇ ಹೆಸರು ಹೇಳುತ್ತಾರೆ. ದೊಡ್ಡ ಎಕ್ಕದಲ್ಲೇ ತಿಳಿ ನೇರಳೆ ಹೂ ಬಿಡುವ ಗಿಡ ಇದೆ, ಪೂರ್ತಿ ಬಿಳಿ ಹೂ ಬಿಡುವ ಗಿಡವೂ ಇದೆ. ಎರಡೂ ಒಂದೇ ಜಾತಿ, ಕೆಂಪು ದಾಸವಾಳ ಬಿಳಿ ದಾಸವಾಳ ಇದ್ದ ಹಾಗೆ. ಪೂಜೆಗೆ ಕೇಳುವ, ಬೇರಿನಲ್ಲಿ ಗಣಪತಿ ಮಾಡುವ ಬಿಳಿ ಎಕ್ಕ ಈ ದೊಡ್ಡ ಎಕ್ಕದ ಬಿಳಿ ಬಗೆ. ಸಣ್ಣ ಎಕ್ಕದ ಹೂವೂ ಬಹುಪಾಲು ಬಿಳಿ. ಹೀಗಾಗಿ ಅದನ್ನೂ ಬಿಳಿ ಎಕ್ಕ ಅಂದುಬಿಡುತ್ತಾರೆ. ನಮಗೆ ಬಂದದ್ದು ಅದೇ. ಮಾರಿದವರು ಬೇಕೆಂದೇ ಮಾಡಿದರೋ, ಅವರಿಗೂ ಗೊತ್ತಿರಲಿಲ್ಲವೋ, ನಾನು ವಿಚಾರಿಸಲು ಹೋಗಲಿಲ್ಲ. ಆದರೆ ಅವ್ವನ ಮುಖ ಸಣ್ಣಗಾದದ್ದು ನೋಡಿ ನನಗೆ ಬಹಳ ಬೇಸರ ಆಯ್ತು.

ಗಿಡದ ಹತ್ತಿರ ಹೋಗುವ ಮುಂಚೆ

ಎಕ್ಕದ ಹಾಲಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎಲೆ, ತೊಟ್ಟು, ಹೂ, ಕಾಯಿ, ಎಲ್ಲಿ ಮುರಿದರೂ ಬಿಳಿ ಹಾಲು ಸುರಿಯುತ್ತದೆ. ಎರಡೂ ಜಾತಿಯಲ್ಲಿ ಅದು ವಿಷ. ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ಬೊಬ್ಬೆ. ಕಣ್ಣಿಗೆ ಹೋದರೆ ದೊಡ್ಡ ಅಪಾಯ.

ನನ್ನ ತಮ್ಮ ಏಳನೇ ಕ್ಲಾಸಿನಲ್ಲಿ ಇದ್ದಾಗ ಅವ್ವನಿಗೆ ಹೂ ಬಿಡಿಸಿ ಕೊಟ್ಟು, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ. ಆವಾಗ ಅಷ್ಟು ನೋವೇ ಇರಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಸಂಜೆ ಹೊತ್ತಿಗೆ "ಅಕ್ಕಾ, ಲೈಟಿನ ಸುತ್ತ ಮಂಜು ಕಾಣ್ತೈತಿ" ಅಂದ. ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ವಾರಗಟ್ಟಲೆ ಔಷಧಿ ಹಾಕಿದ ಮೇಲೆ ಸರಿಯಾಯ್ತು. ಎಕ್ಕದ ಹಾಲಿನ ಮೋಸ ಇದೇ. ಮೊದಲು ನೋವು ಕಡಿಮೆ, ಆಮೇಲೆ ದೃಷ್ಟಿ ಮಂಜಾಗುತ್ತದೆ. ನೋವಿಲ್ಲ ಅಂತ ಸುಮ್ನೆ ಕೂಡಬೇಡಿ. ಕಣ್ಣಿಗೆ ಹಾಲು ತಾಗಿದ ಕೂಡಲೇ ಶುದ್ಧ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಿರಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮನೆಮದ್ದು ಹಾಕಬೇಡಿ.

ನಮ್ಮ ಮನೆಯಲ್ಲಿ ಅವತ್ತಿನಿಂದ ಒಂದು ಪದ್ಧತಿ ಇದೆ. ಹೂ ಬಿಡಿಸಿದವರು ಸೋಪು ಹಚ್ಚಿ ಕೈ ತೊಳೆಯುವ ತನಕ ಮುಖ ಮುಟ್ಟುವಂತಿಲ್ಲ. ಶಾಲೆ ಮಕ್ಕಳನ್ನು ಗಿಡ ತೋರಿಸಲು ಕರೆದುಕೊಂಡು ಹೋದರೆ ನೀರಿನ ಬಾಟ್ಲಿ, ಸೋಪು ಜೊತೆಗೇ ಇರುತ್ತದೆ. ಹೂ ಕೀಳುವುದು ನಾನೊಬ್ಬಳೇ.

ಎಲ್ಲಿ ಹುಡುಕಬೇಕು

"ಎಕ್ಕ ಹುಟ್ಟಿ ಹೋಗ್ಲಿ" ಅನ್ನುವ ಬೈಗುಳ ಕೇಳಿದ್ದೀರಲ್ಲ? ಮನೆ ಹಾಳಾಗಿ ಅಲ್ಲಿ ಎಕ್ಕದ ಗಿಡ ಏಳಲಿ ಅಂತ. ಬೈಗುಳ ಕೆಟ್ಟದ್ದೇ, ಆದರೆ ಅದರೊಳಗೆ ಸರಿಯಾದ ವಿಳಾಸ ಇದೆ. ಬಿದ್ದ ಗೋಡೆ, ಬಿಟ್ಟ ಹೊಲ, ರಸ್ತೆ ಪಕ್ಕದ ಮಣ್ಣಿನ ದಿಬ್ಬ, ರೈಲು ಹಳಿಯ ಬದಿ, ಕಾಲುವೆ ತೋಡಿದ ಮಣ್ಣಿನ ಗುಡ್ಡೆ, ಇಲ್ಲೆಲ್ಲ ಎಕ್ಕ ಇರುತ್ತದೆ. ನೇಗಿಲು ಹೋಗದ, ಬಿಸಿಲು ಚೆನ್ನಾಗಿ ಬೀಳುವ ಜಾಗ ಬೇಕು ಅದಕ್ಕೆ.

ದೊಡ್ಡ ಎಕ್ಕ ಭಾರತ ಮತ್ತು ಆಗ್ನೇಯ ಏಷ್ಯಾದ ಗಿಡ. ಸಣ್ಣ ಎಕ್ಕ ಆಫ್ರಿಕಾದಿಂದ ಅರಬ್ ದೇಶಗಳನ್ನು ಹಾದು ನಮ್ಮ ತನಕ ಹಬ್ಬಿದೆ, ಒಣ ನೆಲಕ್ಕೆ ಒಗ್ಗಿದ ಗಿಡ. ಕೊಪ್ಪಳ, ರಾಯಚೂರಿನಂಥ ಬಿಸಿಲಿನ ಸೀಮೆಯಲ್ಲಿ ಎರಡನ್ನೂ ನೋಡುವ ಅವಕಾಶ ಇದೆ. ಆನೆಗುಂದಿ ರಸ್ತೆಯಲ್ಲಿ ಬಂಡೆಗಳ ನಡುವೆ ನಾನು ಕಂಡದ್ದೆಲ್ಲ ದೊಡ್ಡ ಎಕ್ಕವೇ. ಸಿಂಧನೂರು ದಾಟಿ ಮಸ್ಕಿ ಕಡೆ ತಮ್ಮನ ಮನೆಗೆ ಹೋಗುವಾಗ ಕರಿ ಮಣ್ಣಿನ ರಸ್ತೆ ಬದಿಯಲ್ಲಿ ಸಣ್ಣ ಎಕ್ಕ ಸಿಕ್ಕಿದೆ. ಅಶೋಕನ ಶಾಸನ ಇರುವ ಮಸ್ಕಿ ಗುಡ್ಡ ನೋಡಲು ಹೋದವರು ಕೆಳಗೆ ರಸ್ತೆ ಬದಿಯನ್ನೂ ಒಂದಿಷ್ಟು ನೋಡಿಕೊಂಡು ಬನ್ನಿ.

ವರ್ಷದಲ್ಲಿ ಯಾವಾಗ ಹೋದರೂ ಎಲ್ಲೋ ಒಂದು ಕಡೆ ಹೂ ಇರುತ್ತದೆ. ಆದರೆ ಹೂ ಮತ್ತು ಕಾಯಿ ಎರಡೂ ಒಟ್ಟಿಗೆ ಬೇಕಾದರೆ ಶಿವರಾತ್ರಿಯಿಂದ ಯುಗಾದಿ ನಡುವೆ ಹೋಗಿ. ಉಳಿದ ಗಿಡ ಒಣಗಿ ನಿಂತಿರುತ್ತವೆ, ಎಕ್ಕ ಮಾತ್ರ ಹಸಿರಾಗಿ ದೂರದಿಂದಲೇ ಕಾಣುತ್ತದೆ.

ಹೂವಿನ ಹತ್ತಿರ

ಎರಡು ಹೆಜ್ಜೆ ದೂರದಲ್ಲಿ ನಿಂತು, ಪೂರ್ತಿ ಅರಳಿದ ಒಂದು ಹೂವನ್ನು ಪಕ್ಕದಿಂದ ನೋಡಿ. ಮೇಲಿನಿಂದ ನೋಡಬೇಡಿ, ಮೇಲಿನಿಂದ ಎರಡೂ ಐದು ಮೂಲೆಯ ನಕ್ಷತ್ರದ ಹಾಗೆಯೇ ಕಾಣುತ್ತವೆ. ದೊಡ್ಡ ಎಕ್ಕದಲ್ಲಿ ಎಸಳು ಪೂರ್ತಿ ಬಿಚ್ಚಿ ಹರಡಿರುತ್ತದೆ. ಸ್ವಲ್ಪ ಹಳೆಯ ಹೂವಾದರೆ ಎಸಳಿನ ತುದಿ ಕೆಳಗೆ ಬಾಗಿ, ಒಂಚೂರು ತಿರುಚಿಕೊಂಡಿರುತ್ತದೆ. ಹಾಗಾಗಿ ನಡುವಿನ ಕಿರೀಟ ಮೇಲೆದ್ದು ಒಂಟಿಯಾಗಿ ನಿಂತಂತೆ ಕಾಣುತ್ತದೆ, ಕಟ್ಟೆ ಮೇಲಿನ ತುಳಸಿ ಹಾಗೆ. ಸಣ್ಣ ಎಕ್ಕದಲ್ಲಿ ಎಸಳು ಅರ್ಧ ಮೇಲಕ್ಕೆ ಎದ್ದೇ ಇರುತ್ತದೆ. ಹೂ ಒಂದು ಪುಟ್ಟ ಬಟ್ಟಲು. ಕಿರೀಟ ಆ ಬಟ್ಟಲೊಳಗೆ ಕೂತಿರುತ್ತದೆ. ಅವ್ವ ಹೇಳಿದ "ಬಿಚ್ಚಂಗಿಲ್ಲ" ಅಂದರೆ ಇದು.

ಹಾರ ಕಟ್ಟುವವರಿಗೆ ಇದು ಯಾಕೆ ಗೊತ್ತಾಗುತ್ತದೆ ಅಂದರೆ, ದೊಡ್ಡ ಎಕ್ಕದ ಹೂವನ್ನು ಸೂಜಿಗೆ ಏರಿಸಿದಾಗ ಒಂದರ ಬೆನ್ನಿಗೆ ಇನ್ನೊಂದು ಮಟ್ಟಸವಾಗಿ ಕೂಡುತ್ತದೆ. ಸಣ್ಣ ಎಕ್ಕದ ಬಟ್ಟಲಿನಂಥ ಹೂ ಹಾಗೆ ಕೂಡುವುದಿಲ್ಲ, ನಡುವೆ ಸಂದು ಬಿಡುತ್ತದೆ. ಹಾರ ಸಣಕಲಾಗಿ ಕಾಣುತ್ತದೆ ಅಂತ ಅವ್ವ ಅದನ್ನು ಬುಟ್ಟಿಯಿಂದ ಆರಿಸಿ ತೆಗೆಯುತ್ತಾಳೆ.

ಆಮೇಲೆ ಅದೇ ಗೊಂಚಲಿನಲ್ಲಿ ನಾಳೆಯೋ ನಾಡಿದ್ದೋ ಅರಳುವ ಮೊಗ್ಗು ಹುಡುಕಿ. ದೊಡ್ಡ ಎಕ್ಕದ ಮೊಗ್ಗು ಉದ್ದುದ್ದ, ಮೊಟ್ಟೆಯಾಕಾರ. ಸಣ್ಣ ಎಕ್ಕದ ಮೊಗ್ಗು ಗುಂಡಗೆ. ಹೂ ಇಲ್ಲದೆ ಬರೀ ಮೊಗ್ಗು ಇದ್ದ ಗಿಡದಲ್ಲಿ ಈ ಗುರುತು ಬಹಳ ಕೆಲಸಕ್ಕೆ ಬರುತ್ತದೆ. ಎಳೆ ಮೊಗ್ಗು ನೋಡಿ ಮಾತ್ರ ಹೇಳಲು ಹೋಗಬೇಡಿ, ಎಳೆಯದಿದ್ದಾಗ ಎರಡೂ ಗುಂಡಗೇ ಇರುತ್ತವೆ.

ಅಳತೆಗೆ ಹತ್ತು ರೂಪಾಯಿ ನಾಣ್ಯ ಸಾಕು. ಅದರ ಅಗಲ 27 ಮಿಲಿಮೀಟರ್. ದೊಡ್ಡ ಎಕ್ಕದ ಅರಳಿದ ಹೂ ಸಾಮಾನ್ಯವಾಗಿ ನಾಣ್ಯದಿಂದ ಆಚೆ ಚಾಚುತ್ತದೆ. ಸಣ್ಣ ಎಕ್ಕದ್ದು ಹೆಚ್ಚಾಗಿ ನಾಣ್ಯದೊಳಗೇ ಮುಗಿಯುತ್ತದೆ. ನೀರು ಕಮ್ಮಿಯಾದ ಗಿಡದಲ್ಲಿ ಹೂ ಸಣ್ಣದಾಗಬಹುದು, ಹಾಗಾಗಿ ಅಳತೆ ಒಂದನ್ನೇ ನಂಬಬೇಡಿ.

ಈಗ ಬಣ್ಣಕ್ಕೆ ಬನ್ನಿ. ಬಣ್ಣವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಎಸಳು ಪೂರ್ತಿ ತಿಳಿ ನೇರಳೆ, ಕಿರೀಟವೂ ನೇರಳೆ ಆದರೆ ದೊಡ್ಡ ಎಕ್ಕ. ಎಸಳು, ಕಿರೀಟ ಎರಡೂ ಬೆಣ್ಣೆಯಂಥ ಬಿಳಿ, ಎಲ್ಲೂ ನೇರಳೆ ಚುಕ್ಕೆಯೂ ಇಲ್ಲ, ಎಸಳು ಬಿಚ್ಚಿ ಹರಡಿದೆ ಅಂದರೆ ಅದೂ ದೊಡ್ಡ ಎಕ್ಕ, ಪೂಜೆಯವರು ಹುಡುಕುವ ಬಿಳಿ ಬಗೆ. ಬುಡದಲ್ಲಿ ಬಿಳಿ, ತುದಿಯಲ್ಲಿ ಗಾಢ ನೇರಳೆ, ಎಸಳು ಎದ್ದು ನಿಂತಿದೆ ಅಂದರೆ ಸಣ್ಣ ಎಕ್ಕ.

ಇಷ್ಟರಲ್ಲೇ ಗುರುತು ಸಿಕ್ಕಿಬಿಡುತ್ತದೆ. ಆದರೂ ಒಂದು ಹೂವನ್ನು ಕೈಗೆ ತೆಗೆದುಕೊಂಡು ಒಳಗೆ ನೋಡದೆ ಬರಬೇಡಿ. ಹಾಲು ಒರೆಸಿಕೊಳ್ಳಲು ಹಳೆ ಬಟ್ಟೆ ಇರಲಿ. ಹೂವಿನ ನಟ್ಟನಡುವೆ ಐದು ಮೂಲೆಯ ಚಪ್ಪಟೆ ತಟ್ಟೆ ಕಾಣುತ್ತದೆ. ಅದರ ಸುತ್ತ ಕಿರೀಟದ ಐದು ಹೋಳು. ದೊಡ್ಡ ಎಕ್ಕದಲ್ಲಿ ಈ ಹೋಳುಗಳು ತಟ್ಟೆಗಿಂತ ಗಿಡ್ಡ, ತಟ್ಟೆ ಮೇಲೆದ್ದು ಕಾಣುತ್ತದೆ. ಒಂದೊಂದು ಹೋಳಿನ ತುದಿಗಿಂತ ಸ್ವಲ್ಪ ಕೆಳಗೆ ಎರಡು ಪುಟ್ಟ ಕಿವಿಗಳೂ ಇರುತ್ತವೆ. ಸಣ್ಣ ಎಕ್ಕದಲ್ಲಿ ಹೋಳುಗಳು ತಟ್ಟೆಯ ಸಮಕ್ಕೆ ಅಥವಾ ಅದಕ್ಕಿಂತ ಮೇಲಕ್ಕೆ ಬರುತ್ತವೆ. ಸಾದಾ ಭೂತಗನ್ನಡಿ ಇದ್ದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಹಾಗೇ ತಟ್ಟೆಯ ಒಂದು ಮೂಲೆ ನೋಡಿ. ಅಲ್ಲಿ ಸಾಸಿವೆಗಿಂತ ಬಹಳ ಸಣ್ಣ ಒಂದು ಕಪ್ಪು ಚುಕ್ಕೆ. ಅದರ ಕೆಳಗೆ ಕೂದಲೆಳೆಯಷ್ಟು ಸಂದು. ಒಂದು ಸಣ್ಣ ದಾರದ ಎಳೆಯನ್ನು ಆ ಸಂದಿಗೆ ಕೆಳಗಿನಿಂದ ಸೇರಿಸಿ, ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಕಪ್ಪು ಚುಕ್ಕೆ ದಾರವನ್ನು ಕಚ್ಚಿಕೊಂಡು ಹೊರಗೆ ಬರುತ್ತದೆ, ಅದರ ಎರಡೂ ಕಡೆ ಜೋತುಬಿದ್ದ ಎರಡು ಹಳದಿ ಚೀಲ. ಅದು ಎಕ್ಕದ ಪರಾಗ. ಬೇರೆ ಹೂಗಳಂತೆ ಪುಡಿಯಾಗಿ ಉದುರುವುದಿಲ್ಲ, ಮೇಣದ ಗಂಟಿನ ಹಾಗೆ ಇಡಿಯಾಗಿ ಬರುತ್ತದೆ. ದಾರದ ಕೆಲಸವನ್ನು ಗಿಡದ ಮೇಲೆ ಮಾಡುವುದು ದುಂಬಿಯ ಕಾಲು. ಕಟ್ಟಿಗೆ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿ ಇದೆಯಲ್ಲ, ಅದು ಜೇನಿಗೆ ಬಂದಾಗ ಕಾಲು ಸಂದಿಯಲ್ಲಿ ಜಾರುತ್ತದೆ, ಎಳೆದುಕೊಂಡಾಗ ಚೀಲದ ಜೋಡಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಹೂವಿಗೆ ಹೋದಾಗ ಆ ಚೀಲ ಅಲ್ಲಿನ ಸಂದಿಯೊಳಗೆ ಉಳಿಯುತ್ತದೆ. ಎರಡೂ ಎಕ್ಕದಲ್ಲಿ ಈ ಏರ್ಪಾಡು ಒಂದೇ. ಜಾತಿ ಗುರುತಿಸಲು ಇದು ಬೇಕಾಗಿಲ್ಲ, ಆದರೆ ಮೊದಲ ಸಲ ದಾರದ ತುದಿಗೆ ಆ ಹಳದಿ ಜೋಡಿ ಬಂದಾಗ ನನ್ನ ಕ್ಲಾಸಿನ ಮಕ್ಕಳು "ಟೀಚರ್, ಇನ್ನೊಮ್ಮೆ ರೀ!" ಅಂತ ಕೂಗಿದ್ದು ನೆನಪಿದೆ. ಅಷ್ಟು ಹತ್ತಿರದಿಂದ ನೋಡಿದ ಮಕ್ಕಳಿಗೆ ಕಿರೀಟದ ಎತ್ತರದ ವ್ಯತ್ಯಾಸ ಮತ್ತೆ ಹೇಳಿಕೊಡಬೇಕಾಗಿ ಬರಲಿಲ್ಲ.

ಕಾಯಿ ಇದ್ದರೆ

ಹೂ ಉದುರಿ ಕಾಯಿ ಇದ್ದ ಗಿಡ ಸಿಕ್ಕರೆ ಕೆಲಸ ಇನ್ನೂ ಸುಲಭ. ಸಣ್ಣ ಎಕ್ಕದ ಕಾಯಿ ಗಾಳಿ ತುಂಬಿದಂತೆ ಊದಿಕೊಂಡಿರುತ್ತದೆ. ದೂರದಿಂದ ಹಸಿರು ಮಾವಿನಕಾಯಿ ಅನ್ನಬಹುದು. ಕಡ್ಡಿಯಿಂದ ಒತ್ತಿದರೆ ಒಳಗೆ ಪೊಳ್ಳು ಅಂತ ಗೊತ್ತಾಗುತ್ತದೆ. ದೊಡ್ಡ ಎಕ್ಕದ ಕಾಯಿ ಅಷ್ಟು ಊದುವುದಿಲ್ಲ. ಕಿರಿದಾಗಿ, ಬಾಗಿ, ದೋಣಿಯ ಹಾಗಿರುತ್ತದೆ. ಎರಡರಲ್ಲೂ ಕಾಯಿ ಜೋಡಿಯಾಗಿ ಬರಬೇಕು, ಆದರೆ ಬಹಳ ಸಲ ಒಂದೇ ಬಲಿಯುತ್ತದೆ. ಬೇಸಿಗೆಯಲ್ಲಿ ಒಡೆದಾಗ ಚಪ್ಪಟೆ ಕಂದು ಬೀಜ, ಅದರ ತಲೆಗೆ ರೇಷ್ಮೆಯಂಥ ಬಿಳಿ ಕೂದಲು. ಗಾಳಿಗೆ ಹಾರಿಹೋದ ಆ ಬೀಜ ನೋಡಿ ಯಾವ ಎಕ್ಕದ್ದು ಅಂತ ನಾನಂತೂ ಹೇಳಲಾರೆ. ಒಡೆಯುವ ಮುಂಚೆ ಹೋಗಿ.

ಎಲೆ ನೋಡಿ ಹೇಳಲು ಹೋಗಬೇಡಿ. ಎರಡರಲ್ಲೂ ಎಲೆ ದಪ್ಪ, ಬೂದು ಹಸಿರು, ತೊಟ್ಟು ಇಲ್ಲದಷ್ಟು ಗಿಡ್ಡ. ಬುಡ ಕಾಂಡವನ್ನು ತಬ್ಬಿದಂತೆ ಇರುತ್ತದೆ, ಎಳೆ ಎಲೆ ಮೇಲೆ ಬಿಳಿ ಹತ್ತಿಯಂಥ ಪುಡಿ. ಗಿಡದ ಎತ್ತರವೂ ಬೇಡ, ನೆಲ ನೋಡಿ ಬದಲಾಗುತ್ತದೆ. ಹುಳು ನೋಡಿ ಹೇಳುವುದೂ ಆಗದು. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳು ಎರಡರ ಎಲೆಯನ್ನೂ ತಿನ್ನುತ್ತದೆ. ಅದು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ನೀಲಿ ಹಳದಿ ಬಣ್ಣದ ಮಿಡತೆಯೂ ಹಾಗೇ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ನಮ್ಮ ಓಣಿಯ ಆಡುಗಳು ಎರಡೂ ಎಕ್ಕದ ಹಸಿ ಎಲೆಯನ್ನು ಮೂಸಿ ಮುಂದೆ ಹೋಗುತ್ತವೆ.

ರಥಸಪ್ತಮಿಗೆ ಯಾವ ಎಲೆ ಅಂತ ಕೇಳುವವರಿದ್ದಾರೆ. ತಲೆ ಮೇಲೊಂದು, ಭುಜ, ಮಂಡಿ, ಪಾದಕ್ಕೆ ಎರಡೆರಡು, ಹೀಗೆ ಏಳು ಎಲೆ ಇಟ್ಟು ಸ್ನಾನ ಮಾಡುವ ಪದ್ಧತಿ ನಮ್ಮಲ್ಲೂ ಇದೆ. ಸಂಸ್ಕೃತದಲ್ಲಿ ಅರ್ಕ ಅಂದರೆ ಸೂರ್ಯನೂ ಹೌದು, ಎಕ್ಕವೂ ಹೌದು. ಅವ್ವ ಮನೆ ಹತ್ತಿರ ಸಿಕ್ಕ ಎಕ್ಕದ ಎಲೆ ತರುತ್ತಾಳೆ. ನಾನು ಸೇರಿಸುವುದು ಇಷ್ಟೇ: ಕಿತ್ತ ಎಲೆಯ ತುದಿಯಿಂದ ಹಾಲು ಸೋರುವುದು ನಿಂತ ಮೇಲೆ, ಎಲೆ ತೊಳೆದು ಇಡಿ. ಮಕ್ಕಳ ತಲೆ ಮೇಲೆ ಇಟ್ಟ ಎಲೆಯಿಂದ ಕಣ್ಣಿಗೆ ಹಾಲು ಇಳಿಯಬಾರದು.

ಸಸಿ ಕೊಳ್ಳುವವರಿಗೆ

ಬಿಳಿ ಎಕ್ಕದ ಸಸಿ ಅಂತ ಯಾರಾದರೂ ಮಾರಿದರೆ ಹೂ ತೋರಿಸಲು ಹೇಳಿ. ಹೂ ಇಲ್ಲದ ಸಸಿ ನೋಡಿ ಇದು ಬಿಳಿ, ಇದು ನೇರಳೆ, ಇದು ಸಣ್ಣ ಎಕ್ಕ ಅಂತ ಖಚಿತವಾಗಿ ಹೇಳುವುದು ಕಷ್ಟ. ತಾಯಿ ಗಿಡದ ಹೂವಿನ ಫೋಟೋ ಕೊಟ್ಟರೆ, ಪಕ್ಕದಿಂದ ತೆಗೆದ ಫೋಟೋ ಕೇಳಿ. ನಮಗೆ ತೋರಿಸಿದ್ದು ಮೇಲಿನಿಂದ ತೆಗೆದ, ಮಸುಕಾದ ಫೋಟೋ. ಅದರಲ್ಲಿ ನೇರಳೆ ತುದಿ ಬಿಸಿಲಿನ ಹೊಳಪಿಗೆ ಮುಚ್ಚಿಹೋಗಿತ್ತು.

ನೀವೇ ಫೋಟೋ ತೆಗೆದು ಯಾರಿಗಾದರೂ ಕೇಳುವುದಾದರೆ ನಾಲ್ಕು ಬೇಕು: ಅರಳಿದ ಹೂ ಪಕ್ಕದಿಂದ, ಅದೇ ಹೂ ಮೇಲಿನಿಂದ, ಬಲಿತ ಮೊಗ್ಗು, ಕಾಯಿ ಇದ್ದರೆ ಕಾಯಿ. ಹೂವಿನ ಪಕ್ಕ ಹತ್ತು ರೂಪಾಯಿ ನಾಣ್ಯ ಹಿಡಿಯಿರಿ. ಎಲೆಯ ಹತ್ತು ಫೋಟೋ ಕಳಿಸಿದರೆ ಯಾರಿಗೂ ಉಪಯೋಗ ಇಲ್ಲ.

ಅವ್ವನಿಗೆ ಕೊನೆಗೂ ನಿಜವಾದ ಬಿಳಿ ಎಕ್ಕ ಸಿಕ್ಕಿತು. ಎರಡು ವರ್ಷದ ಹಿಂದೆ, ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು ಬರುವಾಗ, ರಸ್ತೆ ತಿರುವಿನ ಬಂಡೆ ಬುಡದಲ್ಲಿ. ನಾನು ಗಾಡಿ ನಿಲ್ಲಿಸುವುದರೊಳಗೆ ಅವ್ವ ಇಳಿದಿದ್ದಳು. ಮಂಡಿ ನೋವು ಮರೆತು ಬಗ್ಗಿ, ಹೂವನ್ನು ಪಕ್ಕದಿಂದ ನೋಡಿ, "ಬಿಚ್ಚೇತಿ ನೋಡು, ಚುಕ್ಕಿ ಒಂದೂ ಇಲ್ಲ" ಅಂದಳು. ಗಿಡ ಕೀಳಲಿಲ್ಲ. ಕಾಯಿ ಒಡೆಯುವ ಹೊತ್ತಿಗೆ ಮತ್ತೆ ಹೋಗಿ ನಾಲ್ಕು ಬೀಜ ತಂದೆವು. ಎರಡು ಮೊಳೆತಿವೆ. ಬಿಳಿ ಹೂವಿನ ಬೀಜದಿಂದ ಬಂದ ಗಿಡ ಬಿಳಿಯೇ ಬಿಡಬೇಕು ಅಂತಿಲ್ಲ, ಹಾಗಾಗಿ ಹೂ ಬರುವ ತನಕ ಕಾಯುತ್ತಿದ್ದೇವೆ. ಸಣ್ಣ ಎಕ್ಕವನ್ನು ಕಡಿಯಲು ಅವ್ವ ಬಿಡಲಿಲ್ಲ. ಹಿತ್ತಲ ಗೋಡೆ ಪಕ್ಕ ಅದು ಹಾಗೇ ಇದೆ, ಈ ವಾರ ಅದರ ಎಲೆ ತುಂಬ ಪಟ್ಟೆ ಹುಳು.